2 ಜಿಬಿ ರ‍್ಯಾಮ್‌ನ ಹಳೇ ಕಂಪ್ಯೂಟರ್‌ಗೆ ಏನು ಹಾಕೋದು? ವಿಂಡೋಸ್, ಮಿಂಟ್, ಲುಬುಂಟು, ಆಂಟಿಎಕ್ಸ್, ಪಪ್ಪಿ: ಒಂದು ಹೋಲಿಕೆ

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಸಪೋರ್ಟ್ ನಿಲ್ಲಿಸಿತು. ಅವತ್ತಿನಿಂದ ತುಮಕೂರಿನ ಸುತ್ತಮುತ್ತ ನನ್ನನ್ನು ಕೇಳುವವರು ಜಾಸ್ತಿಯಾಗಿದ್ದಾರೆ. ಮಗಳ ಪಿಯುಸಿ ಓದಿಗೆ ಅಂತ ಅಟ್ಟದಿಂದ ಇಳಿಸಿದ ಕಂಪ್ಯೂಟರ್, ಬಿ.ಎಚ್. ರಸ್ತೆಯ ಜೆರಾಕ್ಸ್ ಅಂಗಡಿಯಲ್ಲಿ ಇನ್ನೂ ಓಡುತ್ತಿರುವ ಡೆಸ್ಕ್‌ಟಾಪ್, ಗುಬ್ಬಿ ಕಡೆಯ ಹಳ್ಳಿ ಲೈಬ್ರರಿಗೆ ಯಾರೋ ಕೊಟ್ಟ ಲ್ಯಾಪ್‌ಟಾಪ್. ಒಳಗಿರುವುದು ಹೆಚ್ಚುಕಡಿಮೆ ಒಂದೇ. ಕೋರ್ 2 ಡ್ಯುಯೋ ಅಥವಾ ಅದರ ಆಸುಪಾಸಿನ ಪ್ರೊಸೆಸರ್, 1 ಇಲ್ಲವೇ 2 ಜಿಬಿ ರ‍್ಯಾಮ್, ತಿರುಗುವ ಹಾರ್ಡ್ ಡಿಸ್ಕ್. ಪ್ರಶ್ನೆಯೂ ಒಂದೇ: ಇದಕ್ಕೆ ಏನು ಹಾಕಿದರೆ ಚೆನ್ನಾಗಿ ಓಡುತ್ತದೆ?

ಒಂದೇ ಹೆಸರು ಹೇಳಿ ಕಳಿಸಿದರೆ ಅರ್ಧ ಜನ ವಾಪಸ್ ಬರುತ್ತಾರೆ. ಅಂಗಡಿಯವರಿಗೆ ಪ್ರಿಂಟರ್ ಕೈಕೊಟ್ಟಿರುತ್ತದೆ. ಪಿಯುಸಿ ಹುಡುಗಿಗೆ ಯೂಟ್ಯೂಬ್ ಪಾಠ ಅರ್ಧಕ್ಕೇ ತಡವರಿಸುತ್ತಿರುತ್ತದೆ. ಹಾಗಾಗಿ ಮೊದಲು ಏನನ್ನು ಅಳೆದು ನೋಡಬೇಕು ಅಂತ ಹೇಳುತ್ತೇನೆ. ಆಮೇಲೆ ಒಂದೊಂದನ್ನೇ ತೂಗೋಣ. ಮಿಂಟ್, ಲುಬುಂಟು, ಆಂಟಿಎಕ್ಸ್, ಪಪ್ಪಿ ಇವೆಲ್ಲ ವಿಂಡೋಸ್ ಬದಲು ಹಾಕಬಹುದಾದ ಲಿನಕ್ಸ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಮ್‌ನ ಬೇರೆ ಬೇರೆ ರೂಪಗಳು.

ಆರಿಸುವ ಮೊದಲು ನೋಡಬೇಕಾದ್ದು

ಎಲ್ಲರೂ ಕೇಳೋದು, "ಈ ಸಿಸ್ಟಮ್ ಎಷ್ಟು ರ‍್ಯಾಮ್ ತಿನ್ನುತ್ತದೆ?" ಅಂತ. ಅದು ತಿಂದ ಮೇಲೆ ಬ್ರೌಸರ್‌ಗೆ ಎಷ್ಟು ಉಳಿಯುತ್ತದೆ ಅಂತ ಕೇಳಿ. ಪಹಣಿ ತೆಗೆಯೋದು, ಸೇವಾ ಸಿಂಧು ಅರ್ಜಿ, ಕೆಇಎ ಕೌನ್ಸೆಲಿಂಗ್, ಬ್ಯಾಂಕ್ ವ್ಯವಹಾರ, ಜಿಮೇಲ್, ಯೂಟ್ಯೂಬ್, ಎಲ್ಲವೂ ಈಗ ಬ್ರೌಸರ್ ಒಳಗೇ ಅಲ್ವಾ? ಬ್ರೌಸರ್ ಸುಮ್ನೆ ತೆರೆದರೇ ಕೆಲವು ನೂರು ಎಂಬಿ ಹೋಗುತ್ತದೆ. ಯೂಟ್ಯೂಬ್‌ನ ಒಂದು ಟ್ಯಾಬ್ ಇನ್ನೂ ಕೆಲವು ನೂರು ಎಂಬಿ ನುಂಗುತ್ತದೆ. ರ‍್ಯಾಮ್ ಮುಗಿದ ತಕ್ಷಣ ಸಿಸ್ಟಮ್ ಹಾರ್ಡ್ ಡಿಸ್ಕಿನ ಒಂದು ಭಾಗವನ್ನೇ ರ‍್ಯಾಮ್ ಮಾಡಿಕೊಂಡು ಒದ್ದಾಡುತ್ತದೆ. ಇದಕ್ಕೆ ಸ್ವಾಪ್ ಅನ್ನುತ್ತಾರೆ. ಡಬ್ಬದ ಮೇಲಿನ ಡಿಸ್ಕ್ ದೀಪ ಆರದೆ ಉರಿಯುತ್ತದೆ, ಮೌಸ್ ಬಾಣ ನಿಂತಲ್ಲೇ ನಿಲ್ಲುತ್ತದೆ, ಒತ್ತಿದ ಅಕ್ಷರ ಸ್ವಲ್ಪ ಹೊತ್ತಾದ ಮೇಲೆ ಬರುತ್ತದೆ. "ಕಂಪ್ಯೂಟರ್ ಹ್ಯಾಂಗ್ ಆಯ್ತು" ಅಂತ ನಾವು ಬೈಯುವುದು ಬಹಳ ಸಲ ಇದಕ್ಕೇ. ಸಿಸ್ಟಮ್ ಹಗುರವಾಗಿದ್ದರೆ ಈ ಹಂತ ತಡವಾಗಿ ಬರುತ್ತದೆ. ಹಗುರ ಅಂದಾಕ್ಷಣ ಬರುವುದೇ ಇಲ್ಲ ಅಂತಲ್ಲ.

ಎರಡನೆಯದು, ಪ್ರೊಸೆಸರ್ 64 ಬಿಟ್ಟಿನದೋ 32 ಬಿಟ್ಟಿನದೋ ಅನ್ನೋದು. ಕೋರ್ 2 ಡ್ಯುಯೋ 64 ಬಿಟ್. ಅದರ ಮೇಲೆ 32 ಬಿಟ್ ವಿಂಡೋಸ್ ಹಾಕಿರುವುದನ್ನು ನೋಡಿ ಎಷ್ಟೋ ಜನ ಪ್ರೊಸೆಸರೇ 32 ಬಿಟ್ ಅಂದುಕೊಂಡಿರುತ್ತಾರೆ. ವಿಂಡೋಸ್‌ನ ಸಿಸ್ಟಮ್ ಮಾಹಿತಿಯಲ್ಲಿ 'ಎಕ್ಸ್64 ಬೇಸ್ಡ್ ಪ್ರೊಸೆಸರ್' ಅಂತ ಇದ್ದರೆ ನಿಮ್ಮದು 64 ಬಿಟ್. 2008ರ ಹೊತ್ತಿನ ಪುಟಾಣಿ ನೆಟ್‌ಬುಕ್‌ಗಳಲ್ಲಿದ್ದ ಆಟಮ್ ಎನ್270ಯಂಥ ಪ್ರೊಸೆಸರ್‌ಗಳು ಮಾತ್ರ ನಿಜವಾಗಿಯೂ 32 ಬಿಟ್. ಇದು ಗೊತ್ತಿರಲೇಬೇಕು, ಯಾಕೆಂದರೆ 32 ಬಿಟ್ಟಿನ ಬಾಗಿಲುಗಳು ಒಂದೊಂದಾಗಿ ಮುಚ್ಚುತ್ತಿವೆ. ಲಿನಕ್ಸ್‌ಗೆ 32 ಬಿಟ್ ಕ್ರೋಮ್ 2016ರಲ್ಲೇ ನಿಂತಿತು. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ಕ್ಕೆ (ಅನೇಕ ಲಿನಕ್ಸ್‌ಗಳ ಬುನಾದಿ ಇದು) 32 ಬಿಟ್ ಪಿಸಿಯ ಇನ್‌ಸ್ಟಾಲರೇ ಇಲ್ಲ. ಫೈರ್‌ಫಾಕ್ಸ್ ಕೂಡ 144ನೇ ಆವೃತ್ತಿಯ ನಂತರ 32 ಬಿಟ್ ಲಿನಕ್ಸ್ ಬಿಟ್ಟಿತು. ಅದರ ದೀರ್ಘಾವಧಿ ಆವೃತ್ತಿ 140ಕ್ಕೆ 2026ರ ಸೆಪ್ಟೆಂಬರ್‌ವರೆಗಾದರೂ ಸೆಕ್ಯೂರಿಟಿ ಅಪ್‌ಡೇಟ್ ಕೊಡುತ್ತೇವೆ ಅಂತ ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾ ಹೇಳಿದೆ.

ಮೂರನೆಯದು, ಬಿಡೋಕೆ ಆಗದ ಸಾಫ್ಟ್‌ವೇರ್ ಮತ್ತು ಯಂತ್ರ. ಟ್ಯಾಲಿ ಇದೆಯಾ? ಬೆರಳಚ್ಚು ಯಂತ್ರ ಇದೆಯಾ? ಯಾವ ಪ್ರಿಂಟರ್? ಇದರ ಬಗ್ಗೆ ಮುಂದೆ ವಿವರವಾಗಿ ಹೇಳುತ್ತೇನೆ. ನಮ್ಮ ಕಡೆ ಹೆಚ್ಚು ಜನ ಮುಗ್ಗರಿಸೋದು ಇಲ್ಲೇ.

ಕೊನೆಯದು, ಕೆಟ್ಟರೆ ನೋಡುವವರು ಯಾರು? ಮನೆಯಲ್ಲಿ ಎಂಜಿನಿಯರಿಂಗ್ ಓದುವ ಹುಡುಗನಿದ್ದರೆ ಒಂದು ದಾರಿ. ಪಾವಗಡದ ಹಳ್ಳಿಯಲ್ಲಿ ನಿವೃತ್ತ ಮೇಷ್ಟ್ರು ಒಬ್ಬರೇ ಬಳಸುವುದಾದರೆ ದಾರಿಯೇ ಬೇರೆ.

ದುಡ್ಡು ಖರ್ಚು ಮಾಡೋದಾದರೆ ಎಲ್ಲಿ?

ಆಪರೇಟಿಂಗ್ ಸಿಸ್ಟಮ್ ಆರಿಸುವ ಮೊದಲು ಈ ಮಾತು ಮುಗಿಸಿಬಿಡೋಣ, ಯಾಕೆಂದರೆ ಆಯ್ಕೆಯನ್ನೇ ಇದು ಬದಲಿಸುತ್ತದೆ. 2 ಜಿಬಿಯನ್ನು 4 ಜಿಬಿ ಮಾಡಿದರೆ ಸಿಗುವ ಸುಖ ಯಾವ ಹಗುರ ಸಿಸ್ಟಮ್‌ನಿಂದಲೂ ಸಿಗುವುದಿಲ್ಲ. ಡಿಡಿಆರ್3 (ರ‍್ಯಾಮ್‌ನ ಒಂದು ತಲೆಮಾರು, ಡಿಡಿಆರ್2 ಅದಕ್ಕಿಂತ ಹಳೆಯದು) ಬೋರ್ಡ್ ಆಗಿದ್ದರೆ ಸೆಕೆಂಡ್ ಹ್ಯಾಂಡ್ ರ‍್ಯಾಮ್ ಕಡ್ಡಿ ಸಾಮಾನ್ಯವಾಗಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಊರಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆ ಇದೆ. ತುಮಕೂರಿನಿಂದ ಬೆಳಿಗ್ಗೆ ರೈಲು ಹತ್ತಿದರೆ ಸಂಜೆಗೆ ವಾಪಸ್ ಬರಬಹುದು. ಹೋಗುವಾಗ ಹಳೇ ಕಡ್ಡಿಯನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗಿ. ಅದರ ಮೇಲಿನ ಚೀಟಿ ನೋಡಿ ಅಂಗಡಿಯವರು ಸರಿಯಾದದ್ದನ್ನೇ ಕೊಡುತ್ತಾರೆ. ಡಿಡಿಆರ್2 ಆದರೆ ಹುಡುಕಾಟ ಸ್ವಲ್ಪ ಜಾಸ್ತಿ. ಬೋರ್ಡಿನ ಮಿತಿಯನ್ನೂ ನೋಡಿಕೊಳ್ಳಿ. ನಮ್ಮಲ್ಲಿ ತುಂಬಾ ಮಾರಾಟವಾಗಿದ್ದ ಜಿ31 ಚಿಪ್‌ಸೆಟ್ ಬೋರ್ಡುಗಳು 4 ಜಿಬಿಗಿಂತ ಜಾಸ್ತಿ ತೆಗೆದುಕೊಳ್ಳುವುದಿಲ್ಲ.

ರ‍್ಯಾಮ್ ಆದ ಮೇಲೆ ಎಸ್ಎಸ್‌ಡಿ, ಅಂದರೆ ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್. 128 ಜಿಬಿ ಸಾಟಾ ಎಸ್ಎಸ್‌ಡಿ ಸಾಕು. 2025ರ ಕೊನೆಯಿಂದ ಮೆಮೊರಿ ಚಿಪ್‌ಗಳ ಬೆಲೆ ಏರಿದೆ, ಆದ್ದರಿಂದ ನಾಲ್ಕು ಕಡೆ ವಿಚಾರಿಸಿ ತಗೊಳ್ಳಿ. ಸ್ವಾಪ್‌ಗೆ ಹೋದಾಗಲೂ ಎಸ್ಎಸ್‌ಡಿ ಇದ್ದರೆ ಕಂಪ್ಯೂಟರ್ ಪೂರ್ತಿ ಕಲ್ಲಾಗುವುದಿಲ್ಲ. ರ‍್ಯಾಮ್ ಹೆಚ್ಚಿಸಲು ಆಗದ ಯಂತ್ರಕ್ಕೆ ಎಸ್ಎಸ್‌ಡಿಯೇ ಔಷಧ.

ಒಂದು ರೂಪಾಯಿಯನ್ನೂ ಹಾಕೋಕೆ ಆಗಲ್ಲ ಅನ್ನುವವರೂ ಇದ್ದಾರೆ. ಅವರು ಮುಂದೆ ಆಂಟಿಎಕ್ಸ್ ಬಗ್ಗೆ ಬರೆದದ್ದನ್ನು ಗಮನವಿಟ್ಟು ಓದಿ.

ವಿಂಡೋಸ್‌ನಲ್ಲೇ ಉಳಿಯಬಹುದಾ?

ವಿಂಡೋಸ್ 11 ಈ ಯಂತ್ರಗಳಿಗೆ ಅಲ್ಲ. ಅದಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಟಿಪಿಎಂ 2.0 ಅನ್ನುವ ಭದ್ರತಾ ಚಿಪ್, ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನ ಪ್ರೊಸೆಸರ್ ಬೇಕು. ರೂಫಸ್ (ಬೂಟ್ ಆಗುವ ಪೆನ್‌ಡ್ರೈವ್ ಮಾಡುವ ಸಾಫ್ಟ್‌ವೇರ್) ಬಳಸಿ ಈ ತಪಾಸಣೆ ದಾಟಿಸುವ ಉಪಾಯ ಯೂಟ್ಯೂಬ್ ತುಂಬಾ ಇದೆ. ಆದರೆ 24ಎಚ್2 ಆವೃತ್ತಿಯಿಂದ ಪ್ರೊಸೆಸರ್‌ನಲ್ಲಿ ಪಾಪ್‌ಕೌಂಟ್ ಅನ್ನುವ ಸೂಚನೆ ಇರಲೇಬೇಕು. ಕೋರ್ 2 ಡ್ಯುಯೋದಲ್ಲಿ ಅದು ಇಲ್ಲ. ಏನೇ ಉಪಾಯ ಮಾಡಿದರೂ ಬೂಟ್ ಆಗುವುದಿಲ್ಲ.

ವಿಂಡೋಸ್ 7 ಹಗುರ, ನಿಜ. ಈಗಲೂ ಎಷ್ಟೋ ಅಂಗಡಿಗಳಲ್ಲಿ ಅದೇ ಓಡುತ್ತಿದೆ. ಅದರ ಸಪೋರ್ಟ್ 2020ರ ಜನವರಿ 14ಕ್ಕೇ ಮುಗಿಯಿತು. ಕ್ರೋಮ್ 109ರ ನಂತರ ಹೊಸ ಆವೃತ್ತಿ ಬಂದಿಲ್ಲ. ಗ್ರಾಹಕರ ಆಧಾರ್ ನಂಬರ್, ಬ್ಯಾಂಕ್ ಪಾಸ್‌ವರ್ಡ್ ಟೈಪ್ ಮಾಡುವ ಯಂತ್ರದಲ್ಲಿ ಇದು ಬೇಡವೇ ಬೇಡ.

ಇನ್ನು ವಿಂಡೋಸ್ 10. ಕಾಗದದ ಮೇಲೆ 64 ಬಿಟ್ಟಿಗೆ 2 ಜಿಬಿ ಸಾಕು ಅಂತಿದೆ. ಬಳಸಿದವರಿಗೆ ಗೊತ್ತು, ಬೂಟ್ ಆಗಿ ನಿಲ್ಲುವ ಹೊತ್ತಿಗೇ ಬಹುಪಾಲು ರ‍್ಯಾಮ್ ಹೋಗಿರುತ್ತದೆ. ಬ್ರೌಸರ್ ತೆರೆದರೆ ಸ್ವಾಪ್ ಗ್ಯಾರಂಟಿ. ಆದರೆ 4 ಜಿಬಿ ಮತ್ತು ಎಸ್ಎಸ್‌ಡಿ ಇದ್ದರೆ ಇದು ಬಳಸುವ ಹಾಗಿರುತ್ತದೆ. ಮೈಕ್ರೋಸಾಫ್ಟ್ ಮನೆಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಸೆಕ್ಯೂರಿಟಿ ಅಪ್‌ಡೇಟ್ ಯೋಜನೆ ಇಟ್ಟಿದೆ. ವಿಂಡೋಸ್ 10ರ 22ಎಚ್2 ಆವೃತ್ತಿ ಇರಬೇಕು, ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆಗಬೇಕು. ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ದುಡ್ಡು ಕೊಡಬೇಕಿಲ್ಲ.

ಇದು ಯಾರಿಗೆ ಬೇಕು? ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರದ ಲೆಕ್ಕವನ್ನು ಟ್ಯಾಲಿಯಲ್ಲಿ ಇಡುವವರಿಗೆ ಬೇಕು. ಟ್ಯಾಲಿ ವಿಂಡೋಸ್‌ಗೆ ಮಾಡಿದ ಸಾಫ್ಟ್‌ವೇರ್. ಲಿನಕ್ಸ್ ಮೇಲೆ ವೈನ್ (ವಿಂಡೋಸ್ ಸಾಫ್ಟ್‌ವೇರನ್ನು ಲಿನಕ್ಸ್‌ನಲ್ಲಿ ಓಡಿಸುವ ಸಾಧನ) ಹಾಕಿ ಓಡಿಸುವ ಪ್ರಯತ್ನ ಮಾಡುವವರಿದ್ದಾರೆ. ಜಿಎಸ್‌ಟಿ ರಿಟರ್ನ್ ತುಂಬುವ ದಿನ ಅದು ಕೈಕೊಟ್ಟರೆ ನಷ್ಟ ನಿಮ್ಮದು. ಬೆರಳಚ್ಚಿನ ಆಧಾರ್ ದೃಢೀಕರಣ ಮಾಡುವ ಸೇವಾ ಕೇಂದ್ರದವರಿಗೂ ಇದೇ ಮಾತು. ಆ ಯಂತ್ರಗಳನ್ನು ಕಂಪ್ಯೂಟರಿಗೆ ಹೊಂದಿಸುವ ಆರ್‌ಡಿ ಸರ್ವಿಸ್ ಸಾಫ್ಟ್‌ವೇರ್ ಸಾಮಾನ್ಯವಾಗಿ ವಿಂಡೋಸ್ ಮತ್ತು ಆಂಡ್ರಾಯ್ಡ್ ನೋಡಿಕೊಂಡೇ ಮಾಡಿರುತ್ತಾರೆ. ಇಂಥವರು ಲಿನಕ್ಸ್‌ಗಾಗಿ ಕಷ್ಟಪಡಬೇಡಿ. ಸಿಗುವ ಅಪ್‌ಡೇಟ್ ತಗೊಂಡು, ಆ ಸಮಯದಲ್ಲಿ ವಿಂಡೋಸ್ 11 ಓಡುವ ಸೆಕೆಂಡ್ ಹ್ಯಾಂಡ್ ಯಂತ್ರಕ್ಕೆ ದುಡ್ಡು ಕೂಡಿಸಿ.

ಇನ್ನೊಂದು ಎಚ್ಚರಿಕೆ. "ಲೈಟ್ ವಿಂಡೋಸ್, 1 ಜಿಬಿಯಲ್ಲೂ ಓಡುತ್ತದೆ" ಅಂತ ಪೆನ್‌ಡ್ರೈವ್‌ನಲ್ಲಿ ಹಾಕಿಕೊಡುವವರಿದ್ದಾರೆ. ಯಾರೋ ಗೊತ್ತಿಲ್ಲದವರು ಒಳಗಿನದನ್ನೆಲ್ಲ ಕಿತ್ತು, ವೈರಸ್ ತಡೆಯುವ ಡಿಫೆಂಡರ್ ತೆಗೆದು, ಅಪ್‌ಡೇಟ್ ಬಂದ್ ಮಾಡಿ, ಜೊತೆಗೆ ಕ್ರ್ಯಾಕ್ ಸೇರಿಸಿರುತ್ತಾರೆ. ಇನ್ನೇನು ಸೇರಿಸಿದ್ದಾರೋ ನೋಡುವ ದಾರಿ ನಿಮಗಿಲ್ಲ. ಆ ಯಂತ್ರದಲ್ಲಿ ಬ್ಯಾಂಕ್ ಸೈಟ್ ತೆರೆಯಬೇಡಿ ಅಂತ ಕೈಮುಗಿದು ಹೇಳುತ್ತೇನೆ.

ಲಿನಕ್ಸ್ ಮಿಂಟ್ ಎಕ್ಸ್ಎಫ್‌ಸಿಇ: 4 ಜಿಬಿ ಇದ್ದರೆ ಬೇರೆ ಯೋಚನೆ ಬೇಡ

ಮಿಂಟ್ ಮೂರು ರೂಪದಲ್ಲಿ ಬರುತ್ತದೆ. ಹಳೇ ಯಂತ್ರಕ್ಕೆ ಎಕ್ಸ್ಎಫ್‌ಸಿಇ ರೂಪ ತಗೊಳ್ಳಿ. 2 ಜಿಬಿ ಕನಿಷ್ಠ, 4 ಜಿಬಿ ಇದ್ದರೆ ಆರಾಮ ಅಂತ ಮಿಂಟ್‌ನವರೇ ಹೇಳುತ್ತಾರೆ. ಆ ಮಾತು ಪ್ರಾಮಾಣಿಕವಾಗಿದೆ. ಬೂಟ್ ಆದ ಮೇಲೆ ಮುಕ್ಕಾಲು ಜಿಬಿ ಆಸುಪಾಸು ಬಳಸುತ್ತದೆ. 4 ಜಿಬಿ ಇದ್ದರೆ ಬ್ರೌಸರ್‌ಗೆ 3 ಜಿಬಿ ಉಳಿಯುತ್ತದೆ, ನಾಲ್ಕೈದು ಟ್ಯಾಬ್ ನಿರಾಳ. 2 ಜಿಬಿ ಇದ್ದರೆ ಒಂದೆರಡು ಟ್ಯಾಬ್‌ಗೆ ಕೈ ಬಿಗಿಹಿಡಿಯಬೇಕು.

ಇದನ್ನು ನಾನು ಮೊದಲು ಹೇಳುವುದಕ್ಕೆ ಕಾರಣ ವೇಗ ಮಾತ್ರ ಅಲ್ಲ. ಕೆಳಗೆ ಪಟ್ಟಿ, ಎಡಗಡೆ ಮೆನು, ಬಲಗಡೆ ಗಡಿಯಾರ. ವಿಂಡೋಸ್ 7 ಬಳಸಿದವರು ಯಾರನ್ನೂ ಕೇಳದೆ ಕೆಲಸ ಶುರು ಮಾಡುತ್ತಾರೆ. ಟೈಮ್‌ಶಿಫ್ಟ್ ಅನ್ನುವ ಸೌಲಭ್ಯ ಮೊದಲೇ ಇರುತ್ತದೆ. ವಾರಕ್ಕೊಮ್ಮೆ ಸಿಸ್ಟಮ್‌ನ ನಕಲು ಇಡಲು ಹೇಳಿದರೆ, ಏನಾದರೂ ಕೆಟ್ಟಾಗ ಹಿಂದಿನ ವಾರದ ಸ್ಥಿತಿಗೆ ಮರಳಬಹುದು. ದೂರದಲ್ಲಿರುವ ಅಪ್ಪ ಅಮ್ಮನಿಗೆ ಫೋನಿನಲ್ಲೇ ಹೇಳಿ ಮಾಡಿಸುವಷ್ಟು ಸುಲಭ. ಮಿಂಟ್ 22ರ ಸರಣಿಗೆ 2029ರವರೆಗೆ ಅಪ್‌ಡೇಟ್ ಇದೆ. ಆದರೆ ಇದು 64 ಬಿಟ್ಟಿಗೆ ಮಾತ್ರ.

ಲುಬುಂಟು: 2 ಜಿಬಿಯವರ ಮಧ್ಯದ ದಾರಿ

ಉಬುಂಟು ಅನ್ನುವ ಲಿನಕ್ಸ್‌ನ ಹಗುರ ರೂಪ ಇದು. ಡೆಸ್ಕ್‌ಟಾಪ್ ಎಲ್ಎಕ್ಸ್‌ಕ್ಯೂಟಿ. ಮಿಂಟ್‌ಗಿಂತ ಒಂದಿನ್ನೂರು ಎಂಬಿ ಕಡಿಮೆ ತಿನ್ನುತ್ತದೆ. 2 ಜಿಬಿ ಯಂತ್ರದಲ್ಲಿ ಆ ಇನ್ನೂರು ಅಂದರೆ ಒಂದು ಟ್ಯಾಬ್.

ಒಂದು ತೊಡಕಿದೆ. ಇದರಲ್ಲಿ ಫೈರ್‌ಫಾಕ್ಸ್ ಸ್ನ್ಯಾಪ್ ರೂಪದಲ್ಲಿ (ಬೇಕಾದ್ದನ್ನೆಲ್ಲ ಒಳಗೇ ತುಂಬಿದ ದೊಡ್ಡ ಗಂಟಿನಂತೆ) ಬರುತ್ತದೆ. ತಿರುಗುವ ಡಿಸ್ಕಿನ ಮೇಲೆ ಮೊದಲ ಸಲ ತೆರೆಯುವಾಗ ಬಹಳ ಹೊತ್ತು ಹಿಡಿಯುತ್ತದೆ. ಐಕಾನ್ ಒತ್ತಿ, ತೆರೆಯಲಿಲ್ಲ ಅಂತ ಮತ್ತೆ ಒತ್ತಿ, ಮೂರು ಕಿಟಕಿ ಒಟ್ಟಿಗೆ ತೆರೆದು ಪೂರ್ತಿ ನಿಂತುಹೋಗುತ್ತದೆ. ಮಿಂಟ್‌ನಲ್ಲಿ ಫೈರ್‌ಫಾಕ್ಸ್ ಸಾಮಾನ್ಯ ಪ್ಯಾಕೇಜ್ ಆಗಿ ಬರುವುದರಿಂದ ಈ ಕಾಟ ಇಲ್ಲ. ಹಾಗಾಗಿ ಲುಬುಂಟುವಿಗೆ ಎಸ್ಎಸ್‌ಡಿ ಜೊತೆಯಿದ್ದರೆ ಒಳ್ಳೆಯದು. ಹಾರ್ಡ್ ಡಿಸ್ಕೇ ಗತಿ ಅಂದರೆ ಸ್ನ್ಯಾಪ್ ತೆಗೆದು ಮೊಜಿಲ್ಲಾದ ಸ್ವಂತ ಪ್ಯಾಕೇಜ್ ಹಾಕಿಕೊಳ್ಳಿ. ಇನ್ನೊಂದು ವಿಷಯ, ಲುಬುಂಟು 24.04ಕ್ಕೆ ಸಪೋರ್ಟ್ 2027ರ ಏಪ್ರಿಲ್‌ವರೆಗೆ ಮಾತ್ರ. ಮಿಂಟ್‌ನಷ್ಟು ದಿನ ಮರೆತು ಕೂರೋ ಹಾಗಿಲ್ಲ.

ಆಂಟಿಎಕ್ಸ್: 1 ಜಿಬಿ, ಖರ್ಚಿಲ್ಲ, ಕಲಿಯುವ ಮನಸ್ಸಿದೆ

ನನಗೆ ತುಂಬಾ ಗೌರವ ಇರುವ ಸಿಸ್ಟಮ್ ಇದು. ಡೆಬಿಯನ್ ಬುಡದ ಮೇಲೆ ಕಟ್ಟಿದ್ದು. ಭಾರದ ಡೆಸ್ಕ್‌ಟಾಪ್ ಬದಲು ಐಸ್‌ಡಬ್ಲ್ಯುಎಂ ಅನ್ನುವ ಕಿಟಕಿ ನಿರ್ವಾಹಕ ಬಳಸುತ್ತದೆ. ಬೂಟ್ ಆದ ಮೇಲೆ ಸುಮಾರು 200 ಎಂಬಿ ಬಳಸುತ್ತದೆ, ಕೆಲವು ಯಂತ್ರಗಳಲ್ಲಿ ಇನ್ನೂ ಕಡಿಮೆ. 1 ಜಿಬಿ ಯಂತ್ರದಲ್ಲೂ ಬ್ರೌಸರ್‌ಗೆ ಮುಕ್ಕಾಲು ಭಾಗ ಉಳಿಯುತ್ತದೆ ಅಂದಂಗಾಯಿತು. ಆಂಟಿಎಕ್ಸ್ 23 ಡೆಬಿಯನ್ 12ರ ಆಧಾರದ್ದು, ಅದಕ್ಕೆ 32 ಬಿಟ್ ರೂಪವೂ ಇದೆ. ಆಟಮ್ ನೆಟ್‌ಬುಕ್ ಇಟ್ಟುಕೊಂಡವರಿಗೆ ಉಳಿದಿರುವ ಒಳ್ಳೆಯ ದಾರಿ ಇದೇ.

ಬೆಲೆ ಏನು? ನೋಡಲು ಒರಟು. ಮೆನುವಿನಲ್ಲಿ ಒಂದೇ ಕೆಲಸಕ್ಕೆ ಎರಡು ಮೂರು ಪ್ರೋಗ್ರಾಂ ಸಿಗುತ್ತವೆ. ವೈಫೈ ಹಚ್ಚುವ ಕಿಟಕಿ, ಪೆನ್‌ಡ್ರೈವ್ ತೆರೆಯುವ ರೀತಿ, ಎಲ್ಲದಕ್ಕೂ ಮೊದಲ ವಾರ ಯಾರಾದರೂ ಪಕ್ಕದಲ್ಲಿ ಕೂತು ಹೇಳಿಕೊಡಬೇಕು. ಒಮ್ಮೆ ರೂಢಿಯಾದರೆ ಮಾತ್ರ ಆ ಹಳೇ ಡಬ್ಬ ಚುರುಕಾಗಿ ಓಡುವುದನ್ನು ನೋಡಲು ಖುಷಿಯಾಗುತ್ತದೆ. ಒಬ್ಬರೇ ಇರುವ ಹಿರಿಯರಿಗೆ ಇದನ್ನು ಹಾಕಿಕೊಟ್ಟು ಹೊರಟುಬಿಡಬೇಡಿ. ಡಿಪ್ಲೊಮಾ ಓದುವ ಹುಡುಗ ಹುಡುಗಿಯರಿಗೆ ಧಾರಾಳವಾಗಿ ಕೊಡಿ. ಕಂಪ್ಯೂಟರ್ ಒಳಗೆ ಏನು ನಡೆಯುತ್ತದೆ ಅಂತ ಇದರಷ್ಟು ಚೆನ್ನಾಗಿ ಕಲಿಸುವುದು ಕಡಿಮೆ.

ಇದರ ಅಣ್ಣನಂತಿರುವ ಎಂಎಕ್ಸ್ ಲಿನಕ್ಸ್ ಸ್ವಲ್ಪ ಭಾರ, ಆದರೆ ಬಹಳ ನಯ. 2 ಜಿಬಿ ಇದ್ದು ಆಂಟಿಎಕ್ಸ್ ಒರಟು ಅನಿಸಿದರೆ ಎಂಎಕ್ಸ್‌ನ ಫ್ಲಕ್ಸ್‌ಬಾಕ್ಸ್ ರೂಪ ನೋಡಿ. ಎಂಎಕ್ಸ್ 23ರಲ್ಲಿ 32 ಬಿಟ್ ಇತ್ತು, ಎಂಎಕ್ಸ್ 25ರಲ್ಲಿ ಇಲ್ಲ. ಆಂಟಿಎಕ್ಸ್, ಎಂಎಕ್ಸ್ ಎರಡರಲ್ಲೂ ಇರುವ ಸ್ನ್ಯಾಪ್‌ಶಾಟ್ ಸೌಲಭ್ಯ ಶಾಲೆಗಳಿಗೆ ವರದಾನ. ಲ್ಯಾಬಿನ ಒಂದು ಯಂತ್ರವನ್ನು ಕನ್ನಡ ಫಾಂಟ್, ಬ್ರೌಸರ್, ಪ್ರಿಂಟರ್ ಸಮೇತ ಸಿದ್ಧ ಮಾಡಿ, ಅದನ್ನೇ ಪೆನ್‌ಡ್ರೈವ್‌ನಿಂದ ಬೂಟ್ ಆಗುವ ಪ್ರತಿಯಾಗಿ ತೆಗೆದು, ಉಳಿದ ಯಂತ್ರಗಳಿಗೆಲ್ಲ ಹಾಕಬಹುದು.

ಪಪ್ಪಿ ಮತ್ತು ಕ್ರೋಮ್ಒಎಸ್ ಫ್ಲೆಕ್ಸ್

ಪಪ್ಪಿ ಲಿನಕ್ಸ್ 2003ರಿಂದ ಇದೆ, ಶುರು ಮಾಡಿದವರು ಆಸ್ಟ್ರೇಲಿಯಾದ ಬ್ಯಾರಿ ಕೌಲರ್. ಪೆನ್‌ಡ್ರೈವ್‌ನಿಂದ ಬೂಟ್ ಆಗಿ ರ‍್ಯಾಮ್‌ನಲ್ಲೇ ಓಡುತ್ತದೆ. ಹಾರ್ಡ್ ಡಿಸ್ಕ್ ಸತ್ತ ಯಂತ್ರಕ್ಕೆ, ಅಥವಾ ಕೆಟ್ಟ ವಿಂಡೋಸ್‌ನಿಂದ ಫೋಟೋ ಹೊರತೆಗೆಯಲು ಇದಕ್ಕಿಂತ ಒಳ್ಳೆಯದಿಲ್ಲ. ದಿನಬಳಕೆಗೆ ಮಾತ್ರ ಹಿಂಜರಿಯುತ್ತೇನೆ. ಬಳಕೆದಾರರಿಗೆ ಶುರುವಿನಿಂದಲೇ ರೂಟ್ ಅಧಿಕಾರ, ಅಂದರೆ ಸಿಸ್ಟಮ್‌ನಲ್ಲಿ ಏನನ್ನು ಬೇಕಾದರೂ ಬದಲಿಸುವ ಅಧಿಕಾರ ಇರುತ್ತದೆ. ಕೆಲಸ ಉಳಿಸುವ ಕ್ರಮವೂ ಬೇರೆ. ಸೇವ್ ಆಗುವ ಮೊದಲೇ ಕರೆಂಟ್ ಹೋದರೆ ಅಲ್ಲಿವರೆಗೆ ಮಾಡಿದ್ದು ಹೋಯಿತು. ಯುಪಿಎಸ್ ಇಲ್ಲದ ಹಳ್ಳಿ ಮನೆಗೆ ಇದು ಸಣ್ಣ ಮಾತಲ್ಲ.

ಹಳೇ ಯಂತ್ರಗಳಿಗೆ ಗೂಗಲ್ ಕೊಡುವ ಕ್ರೋಮ್ಒಎಸ್ ಫ್ಲೆಕ್ಸ್ ಸಿಸ್ಟಮ್‌ಗೆ 4 ಜಿಬಿ ರ‍್ಯಾಮ್, 16 ಜಿಬಿ ಜಾಗ, 64 ಬಿಟ್ ಬೇಕು. 2010ಕ್ಕಿಂತ ಹಳೆಯ ಪ್ರೊಸೆಸರ್, ಗ್ರಾಫಿಕ್ಸ್ ಇದ್ದರೆ ಅನುಭವ ಚೆನ್ನಾಗಿರಲ್ಲ ಅಂತ ಗೂಗಲ್ಲೇ ಹೇಳಿದೆ. ಪ್ಲೇ ಸ್ಟೋರ್ ಆ್ಯಪ್‌ಗಳು ಬರುವುದಿಲ್ಲ. ಬ್ರೌಸರ್ ಬಿಟ್ಟು ಬೇರೇನೂ ಬೇಡ, ಮನೆಯಲ್ಲಿ ಒಳ್ಳೆಯ ನೆಟ್ ಇದೆ, ಜಿಮೇಲ್‌ನಿಂದ ಲಾಗಿನ್ ಆಗಲು ಅಡ್ಡಿಯಿಲ್ಲ ಅನ್ನುವವರಿಗೆ ಸರಿ.

ಕನ್ನಡ ಟೈಪಿಂಗ್ ಏನಾಗುತ್ತದೆ?

ಲಿನಕ್ಸ್‌ಗೆ ಹೋಗಲು ಜನ ಹಿಂದೇಟು ಹಾಕುವ ದೊಡ್ಡ ಕಾರಣ ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್. ಅರ್ಜಿ ಬರೆಯುವವರು, ಪತ್ರಿಕೆಗೆ ಬರೆಯುವವರು, ಪಂಚಾಯಿತಿ ಕಡತ ಟೈಪ್ ಮಾಡುವವರು ಎಲ್ಲರ ಬೆರಳಿಗೂ ಅದೇ ಕೀಲಿಮಣೆ ಕೂತುಬಿಟ್ಟಿದೆ. ಆ ಕೀಲಿಮಣೆ ಲಿನಕ್ಸ್‌ನಲ್ಲೂ ಇದೆ. ಐಬಸ್ ಮತ್ತು ಐಬಸ್-ಎಂ17ಎನ್ ಅನ್ನುವ ಎರಡು ಪ್ಯಾಕೇಜ್ ಹಾಕಿ, ಲಾಗ್ಔಟ್ ಆಗಿ ಮತ್ತೆ ಬನ್ನಿ. ಐಬಸ್ ಪ್ರಿಫರೆನ್ಸಸ್‌ನಲ್ಲಿ ಕನ್ನಡ ಆರಿಸಿದರೆ ಕೆಜಿಪಿ, ಇನ್‌ಸ್ಕ್ರಿಪ್ಟ್, ಐಟ್ರಾನ್ಸ್ ಅಂತ ಪಟ್ಟಿ ಬರುತ್ತದೆ. ಕೆಜಿಪಿ ಅಂದರೆ ನೀವು ನುಡಿಯಲ್ಲಿ ಬಳಸುವ ವಿನ್ಯಾಸವೇ. ಅಕ್ಷರಗಳಿಗೆ ಫಾಂಟ್ಸ್-ಕೆಎನ್‌ಡಿಎ ಪ್ಯಾಕೇಜ್ ಹಾಕಿದರೆ ಗುಬ್ಬಿ, ನವಿಲು, ಲೋಹಿತ್ ಫಾಂಟುಗಳು ಒಟ್ಟಿಗೆ ಬರುತ್ತವೆ. ಲಿಬ್ರೆಆಫೀಸ್, ಫೈರ್‌ಫಾಕ್ಸ್ ಎರಡಕ್ಕೂ ಕನ್ನಡ ಮೆನು ಇದೆ.

ಕಷ್ಟ ಇರುವುದು ಹಳೇ ಕಡತಗಳಲ್ಲಿ. ಯೂನಿಕೋಡ್ ಬರುವ ಮೊದಲಿನ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಫೈಲ್ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಫೈಲ್ ಹಾಳಾಗಿಲ್ಲ, ಹೆದರಬೇಡಿ. ವಿಂಡೋಸ್‌ನ ಫಾಂಟ್ ಫೋಲ್ಡರ್‌ನಲ್ಲಿರುವ ಆ ನುಡಿ ಫಾಂಟುಗಳನ್ನು ಲಿನಕ್ಸ್‌ಗೆ ನಕಲು ಮಾಡಿದರೆ ಓದಲು, ಪ್ರಿಂಟ್ ಹಾಕಲು ಬರುತ್ತದೆ. ತಿದ್ದಬೇಕಾದರೆ ಯೂನಿಕೋಡ್‌ಗೆ ಪರಿವರ್ತಿಸಬೇಕು, ಅದಕ್ಕೆ ಪರಿವರ್ತಕಗಳು ಸಿಗುತ್ತವೆ. ದಿನಾ ಇಂಥ ಹಳೇ ಕಡತ ತಿದ್ದುವುದೇ ನಿಮ್ಮ ಕಸುಬಾಗಿದ್ದರೆ ಒಂದು ವಿಂಡೋಸ್ ಯಂತ್ರ ಉಳಿಸಿಕೊಳ್ಳಿ.

ಪ್ರಿಂಟರ್, ಅಂಗಡಿಯವರಿಗೆ ಮುಖ್ಯವಾಗಿ

ಎಚ್‌ಪಿಯ ಬಹುತೇಕ ಪ್ರಿಂಟರ್‌ಗಳು ಲಿನಕ್ಸ್‌ನಲ್ಲಿ ಎಚ್‌ಪಿಲಿಪ್ ಅನ್ನುವ ಡ್ರೈವರ್ ಮೂಲಕ ನಡೆಯುತ್ತವೆ. ಲೇಸರ್‌ಜೆಟ್ 1020ಯಂಥದ್ದಕ್ಕೆ ಮಾತ್ರ ಜೊತೆಗೆ ಒಂದು ಪ್ಲಗಿನ್ ಇಳಿಸಿಕೊಳ್ಳಬೇಕು. ಅದಿಲ್ಲದಿದ್ದರೆ ಪ್ರಿಂಟರ್ ಹೆಸರು ಕಾಣುತ್ತದೆ, ಹಾಳೆ ಹೊರಗೆ ಬರುವುದಿಲ್ಲ. ನಮ್ಮ ಜೆರಾಕ್ಸ್ ಅಂಗಡಿಗಳಲ್ಲಿ ಎಲ್ಲೆಲ್ಲೂ ಕಾಣುವ ಕ್ಯಾನನ್ ಎಲ್‌ಬಿಪಿ2900 ಬೇರೆ ಜಾತಿ. ಅದು ಕ್ಯಾಪ್ಟ್ ಅನ್ನುವ ತನ್ನದೇ ಭಾಷೆ ಮಾತಾಡುತ್ತದೆ. ಅದರ ಲಿನಕ್ಸ್ ಡ್ರೈವರ್ ಹಳೆಯದು, ಹೊಸ ಆವೃತ್ತಿಗಳ ಮೇಲೆ ಕೂರಿಸುವುದು ಕಷ್ಟ. ಕೂರಿಸಿದ ಮೇಲೂ ಒಂದೊಂದು ಸಲ ನಿಲ್ಲುತ್ತದೆ. ಕೌಂಟರ್ ಮುಂದೆ ಜನ ನಿಂತಿರುವಾಗ ಇದು ಆಗದ ಮಾತು. ನಿಮ್ಮ ಅಂಗಡಿ ಆ ಪ್ರಿಂಟರ್ ಮೇಲೇ ನಿಂತಿದ್ದರೆ ಪ್ರಿಂಟ್ ಯಂತ್ರಕ್ಕೆ ವಿಂಡೋಸ್ 10 ಇರಲಿ. ಬ್ರೌಸಿಂಗ್ ಮತ್ತು ಅರ್ಜಿ ತುಂಬುವ ಯಂತ್ರಕ್ಕೆ ಮಿಂಟ್ ಹಾಕಿ.

ಯೂಟ್ಯೂಬ್ ಪಾಠ ತಡವರಿಸಿದರೆ

ಇದು ರ‍್ಯಾಮ್‌ನ ದೋಷ ಅಂತ ಸಿಸ್ಟಮ್ ಮೇಲೆ ಸಿಸ್ಟಮ್ ಬದಲಿಸುವವರಿದ್ದಾರೆ. ಬಹಳ ಸಲ ಕಾರಣ ಬೇರೆ. ಯೂಟ್ಯೂಬ್ ಈಗ ವಿಪಿ9, ಎವಿ1 ರೂಪದಲ್ಲಿ ವೀಡಿಯೊ ಕಳಿಸುತ್ತದೆ. ಹಳೇ ಗ್ರಾಫಿಕ್ಸ್‌ಗೆ ಅದನ್ನು ಬಿಡಿಸಲು ಬರುವುದಿಲ್ಲ, ಎಲ್ಲ ಹೊರೆಯೂ ಪ್ರೊಸೆಸರ್ ತಲೆ ಮೇಲೆ ಬೀಳುತ್ತದೆ. ಫೈರ್‌ಫಾಕ್ಸ್‌ಗೆ ವೀಡಿಯೊವನ್ನು ಹಳೇ ಎಚ್.264 ರೂಪದಲ್ಲೇ ತರಿಸುವ ಎಚ್264ಇಫೈ ಅನ್ನುವ ಆಡ್‌ಆನ್ ಹಾಕಿ, ಗುಣಮಟ್ಟ 480ಕ್ಕೆ ಇಳಿಸಿ. ಪಾಠದಲ್ಲಿ ಕಪ್ಪುಹಲಗೆಯ ಮೇಲಿನ ಬರಹ ಓದಲು ಅಷ್ಟು ಸಾಕು. ಯಾವ ಸಿಸ್ಟಮ್ ಆದರೂ ಈ ಎರಡು ಕೆಲಸ ಮಾಡಿ, ಆಮೇಲೆ ತೀರ್ಮಾನಿಸಿ.

ಹಾಕುವ ಮೊದಲು ಓಡಿಸಿ ನೋಡಿ

ಮೇಲಿನ ಎಲ್ಲ ಲಿನಕ್ಸ್‌ಗಳನ್ನೂ ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು, ಡಿಸ್ಕ್ ಮುಟ್ಟಬೇಕಿಲ್ಲ. ರೂಫಸ್‌ನಲ್ಲಿ ಪೆನ್‌ಡ್ರೈವ್ ಮಾಡುವಾಗ ಹಳೇ ಬಯೋಸ್ ಯಂತ್ರಕ್ಕೆ ಪಾರ್ಟಿಷನ್ ಸ್ಕೀಮ್‌ನಲ್ಲಿ ಎಂಬಿಆರ್ ಆರಿಸಿ. ಎರಡು ಮೂರು ಸಿಸ್ಟಮ್ ಹೋಲಿಸಬೇಕಾದರೆ ವೆಂಟಾಯ್ ಹಾಕಿದ ಒಂದೇ ಪೆನ್‌ಡ್ರೈವ್‌ಗೆ ಎಲ್ಲ ಐಎಸ್ಒಗಳನ್ನೂ (ಇನ್‌ಸ್ಟಾಲ್ ಮಾಡುವ ಫೈಲ್‌ಗಳನ್ನು) ತುಂಬಿಕೊಳ್ಳಬಹುದು. ಪೆನ್‌ಡ್ರೈವ್‌ನಿಂದ ಓಡುವಾಗ ಸ್ವಲ್ಪ ನಿಧಾನ ಇರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ನೋಡಬೇಕಾದ್ದು ನಿಮ್ಮ ನಿಜವಾದ ಕೆಲಸ. ನೀವು ದಿನಾ ತೆರೆಯುವ ಸೈಟ್ ತೆರೆಯಿರಿ. ಪಹಣಿಯ ಪಿಡಿಎಫ್ ಇಳಿಸಿ ಒಂದು ಪ್ರಿಂಟ್ ಹಾಕಿ. ಶಬ್ದ ಬರುತ್ತದಾ ಕೇಳಿ. ವೈಫೈ ಕಾಣದಿದ್ದರೆ ಫೋನನ್ನು ಕೇಬಲ್‌ನಲ್ಲಿ ಚುಚ್ಚಿ ಯುಎಸ್‌ಬಿ ಟೆಥರಿಂಗ್ ಹಾಕಿ, ನೆಟ್ ಬರುತ್ತದೆ. ಆಮೇಲೆ ವೈಫೈ ಡ್ರೈವರ್ ಇಳಿಸಿಕೊಳ್ಳಬಹುದು.

ಯಾವ ಸೈಟ್ ತೆರೆದರೂ "ಸಂಪರ್ಕ ಸುರಕ್ಷಿತವಲ್ಲ" ಅಂತ ಬಂದರೆ ಮೊದಲು ಮೂಲೆಯ ತಾರೀಖು ನೋಡಿ. ವರ್ಷಗಟ್ಟಲೆ ಅಟ್ಟದಲ್ಲಿದ್ದ ಯಂತ್ರದಲ್ಲಿ ಅದು 2009 ಅಂತಲೋ ಏನೋ ತೋರಿಸುತ್ತಿರುತ್ತದೆ. ಬೋರ್ಡಿನ ಮೇಲಿರುವ ರೂಪಾಯಿ ನಾಣ್ಯದಷ್ಟಗಲದ ಸಿಆರ್2032 ಬ್ಯಾಟರಿ ಸತ್ತಿದೆ ಅಂತ ಅರ್ಥ. ತಾರೀಖು ತಪ್ಪಿದ್ದರೆ ಸೈಟುಗಳ ಭದ್ರತಾ ಸರ್ಟಿಫಿಕೇಟ್ ಹೊಂದುವುದಿಲ್ಲ, ಬ್ರೌಸರ್ ಒಳಗೆ ಬಿಡುವುದಿಲ್ಲ. ಹೊಸ ಬ್ಯಾಟರಿ ಗಡಿಯಾರದ ಅಂಗಡಿಯಲ್ಲೇ ಕಡಿಮೆ ದುಡ್ಡಿಗೆ ಸಿಗುತ್ತದೆ. ಅದಕ್ಕೆ ಬಾಗಿಲು ತೆರೆದಾಗ ಫ್ಯಾನ್ ರೆಕ್ಕೆಗಳ ನಡುವಿನ ಧೂಳನ್ನೂ ಬ್ರಷ್‌ನಲ್ಲಿ ತೆಗೆಯಿರಿ. ನಮ್ಮ ಬೇಸಿಗೆಯಲ್ಲಿ ಬಿಸಿಯಾದ ಪ್ರೊಸೆಸರ್ ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ. ಆ ನಿಧಾನಕ್ಕೂ ಸಿಸ್ಟಮ್‌ಗೂ ಸಂಬಂಧವಿಲ್ಲ.

ಎಸ್ಎಸ್‌ಡಿ ಕೊಂಡವರು ಹಳೇ ಹಾರ್ಡ್ ಡಿಸ್ಕನ್ನು ಬಿಚ್ಚಿ, ಮೇಲೆ ತಾರೀಖು ಬರೆದು, ಕೆಲವು ತಿಂಗಳು ಹಾಗೇ ಎತ್ತಿಡಿ. ಫೋಟೋ, ಟ್ಯಾಲಿ ಡೇಟಾ, ನುಡಿ ಫಾಂಟು ಎಲ್ಲ ಅದರಲ್ಲೇ ಇರುತ್ತವೆ. ಹೊಸದು ಒಗ್ಗಲಿಲ್ಲ ಅಂದರೆ ಕೇಬಲ್ ಬದಲಿಸಿದರೆ ಸಾಕು, ಹಳೇ ವಿಂಡೋಸ್ ಇದ್ದ ಹಾಗೇ ಬರುತ್ತದೆ. ಒಂದೇ ಡಿಸ್ಕ್ ಇರುವವರು ಇನ್‌ಸ್ಟಾಲ್ ಬಟನ್ ಒತ್ತುವ ಮೊದಲು ಬೇಕಾದದ್ದನ್ನೆಲ್ಲ ಬೇರೆ ಡಿಸ್ಕಿಗೆ ನಕಲು ಮಾಡಿ, ಅದರಲ್ಲಿರುವ ನಾಲ್ಕಾರು ಫೈಲ್ ತೆರೆದು ನೋಡಿಕೊಳ್ಳಿ. ಇನ್‌ಸ್ಟಾಲರ್ 'ಡಿಸ್ಕ್ ಅಳಿಸಿ ಹಾಕಲಾ' ಅಂತ ಕೇಳಿದಾಗ ಹೌದು ಅಂದರೆ ಪೂರ್ತಿ ಅಳಿಸುತ್ತದೆ, ಡಿ ಡ್ರೈವ್ ಸಮೇತ.